ಒಂದು ಸೀರೆಯಷ್ಟು ಹಾಸು



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಕೇಳಿಕೊಂಡಿದ್ದಾರೆ. ತಾಯಿಯ ನೆನಪಿಗೆ ಇಟ್ಟ ದತ್ತಿ ಇದು. ಆ ತಾಯಿಗೆ ಓದು ಬರುತ್ತಿರಲಿಲ್ಲ, ಆದರೆ ಒಲೆ ಹೊತ್ತಿಸುವ ಮೊದಲು ಪ್ರಾರ್ಥನೆ ಮಾಡದ ದಿನವಿರಲಿಲ್ಲ ಎಂದಷ್ಟೇ ನನಗೆ ತಿಳಿಸಿದರು. ದಿನದಿನದ ಕ್ರೈಸ್ತ ಬದುಕಿನಲ್ಲಿ ದೇವರ ನಡೆಸುವಿಕೆ ಎಂಬ ವಿಷಯವನ್ನು ಕೊಟ್ಟವರೂ ಅವರೇ. ನಾನು ದೈವಶಾಸ್ತ್ರ ಓದಿದವಳಲ್ಲ. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿ, ಹುನಗುಂದ, ಬಾದಾಮಿ ತಾಲ್ಲೂಕುಗಳ ಶಾಲೆಗಳಲ್ಲಿ 32 ವರ್ಷ ಕನ್ನಡ ಕಲಿಸಿದವಳು. ಹಾಗಾಗಿ ನನಗೆ ಗೊತ್ತಿರುವ ವ್ಯಾಕರಣದಿಂದಲೇ ಮಾತು ಶುರು ಮಾಡುತ್ತೇನೆ.

'ನಡೆ' ಎಂಬ ಧಾತುವಿಗೆ 'ಇಸು' ಹತ್ತಿದರೆ 'ನಡೆಯಿಸು', ಸವೆದರೆ 'ನಡೆಸು'. ಓದು–ಓದಿಸು, ಮಾಡು–ಮಾಡಿಸು ಇದ್ದ ಹಾಗೆ. ಓದಿಸುವ ಮಾಸ್ತರರು ಎಷ್ಟೇ ಗಟ್ಟಿಗರಿರಲಿ, ಓದಬೇಕಾದದ್ದು ಹುಡುಗನೇ. ನಮ್ಮ ಸಭೆಗಳಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಪ್ರತಿಯೊಬ್ಬರ ಬಾಯಲ್ಲೂ ಬರುವ ಮಾತು, ಕರ್ತನೇ ನಮ್ಮನ್ನು ನಡೆಸು ಎಂಬುದು. ಈ ಮಾತಿನೊಳಗೇ, ಕಾಲೆತ್ತಿ ಇಡುವವರು ನಾವು ಎಂಬ ಒಪ್ಪಿಗೆ ಇದೆ. ಕಾಲು ನೆಲಕ್ಕೆ ತಾಗದಂತೆ ಎತ್ತಿಕೊಂಡು ಹೋಗುವುದಕ್ಕೆ ಕನ್ನಡದಲ್ಲಿ ಬೇರೆ ಮಾತಿದೆ, 'ಹೊರುವುದು'. ಹೊರುವ ದೇವರೂ ಬೈಬಲಿನಲ್ಲಿ ಇದ್ದಾನೆ. ಯೆಶಾಯನ ಪುಸ್ತಕದಲ್ಲಿ ಅವನು ಕೂಸುಗಳನ್ನೂ ತಲೆ ನರೆತವರನ್ನೂ ಹೊರುತ್ತಾನೆ. ಆದರೆ ಕೂಸುತನಕ್ಕೂ ಮುದಿತನಕ್ಕೂ ನಡುವೆ ಇರುವ ಉದ್ದನೆಯ ಕಾಲವೆಲ್ಲ ನಡೆಯುವ ಕಾಲ. ಇನ್ನೊಂದು ಮಾತು: ಕನ್ನಡದಲ್ಲಿ 'ನಡೆ' ಎಂದರೆ ನಡತೆಯೂ ಹೌದು. ನಡೆ–ನುಡಿ ಎನ್ನುವಾಗಿನ ನಡೆ. ದೇವರು ನಡೆಸುತ್ತಾನೆ ಎಂದು ಹೇಳುವವಳು ತನ್ನ ನಡತೆಯನ್ನೂ ಅವನ ಕೈಗೆ ಒಪ್ಪಿಸಿದ್ದೇನೆ ಎಂದು ಹೇಳುತ್ತಿದ್ದಾಳೆ. ಎಲ್ಲಿಗೆ ಹೋಗುತ್ತೇನೆ ಎನ್ನುವುದಕ್ಕಿಂತ ಹೇಗೆ ಹೋಗುತ್ತೇನೆ ಎನ್ನುವುದು ಈ ಮಾತಿನಲ್ಲಿ ಹೆಚ್ಚು ತೂಕದ್ದು ಎಂದು ನನಗನಿಸುತ್ತದೆ.

ಈಗ ಒಂದು ರಾತ್ರಿಯ ಸಂಗತಿ. ಡಿಸೆಂಬರ್ 31ರ ರಾತ್ರಿ ಆರಾಧನೆ ನಮ್ಮಲ್ಲಿ ಕ್ರಿಸ್‌ಮಸ್‌ಗಿಂತ ಹೆಚ್ಚು ಜನ ಸೇರುವ ಆರಾಧನೆ. ಹೊಸ ವರ್ಷ ಹುಟ್ಟುವ ಹೊತ್ತಿಗೆ ಎಲ್ಲರೂ ಮೊಣಕಾಲೂರಿರುತ್ತಾರೆ. ಆಮೇಲೆ ಒಂದು ತಾಟಿನಲ್ಲಿ ವಾಗ್ದಾನದ ಚೀಟಿಗಳು ಬರುತ್ತವೆ. ಒಂದೊಂದರ ಮೇಲೆ ಬೈಬಲಿನ ಒಂದೊಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ನಿನಗೆ ಬಂದ ಮಾತು. ಕೆಲವು ವರ್ಷಗಳ ಹಿಂದೆ ನನ್ನ ಪಕ್ಕದಲ್ಲಿ ಒಬ್ಬ ಆಯಿ ಕೂತಿದ್ದರು. ಇಳಕಲ್ಲ ಸೀರೆ, ಕೆಂಪು ಸೆರಗು ತಲೆಯ ಮೇಲೆ, ಎರಡೂ ಕಣ್ಣಿಗೆ ಪೊರೆ. ಚೀಟಿ ಎತ್ತಿ, ದೀಪದ ಕಡೆ ತಿರುಗಿಸಿ ಹಿಡಿದು, ಕಾಣದೆ ನನ್ನ ಕೈಗೆ ಕೊಟ್ಟರು.

"ಟೀಚರವ್ವಾ, ಏನ ಬಂದೈತಿ ನೋಡ್ರಿ."

ಓದಿ ಹೇಳಿದೆ. ಅಂಜಬೇಡ, ನಿನ್ನ ಕೈ ಹಿಡಿದಿದ್ದೇನೆ ಎಂಬ ಅರ್ಥದ ವಚನ. ಆಯಿ ಒಂದು ಗಳಿಗೆ ಸುಮ್ಮನಿದ್ದು ಕೇಳಿದರು:

"ಹಂಗಾರ ಕಣ್ಣಿನ ಆಪರೇಶನ್ ಮಾಡಿಸ್ಲೊ, ಬಿಡ್ಲೊ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಈ ಉಪನ್ಯಾಸ ಬರೆದೆ ಎಂದರೂ ತಪ್ಪಲ್ಲ.

ಚೀಟಿಯ ಪದ್ಧತಿ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ, ಇದಕ್ಕೆ ದೂರದ ಬೇರಿದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯವರು 1728ರಿಂದ ದಿನಕ್ಕೊಂದು ವಚನವನ್ನು ಮನೆಮನೆಗೆ ಹೇಳಿ ಬರುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗತೊಡಗಿತು. ವರ್ಷದ ಅಷ್ಟೂ ದಿನಗಳ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ, ಇಂದಿಗೂ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನವರು ಅದೇ ಭಕ್ತಿಯ ಗಾಳಿಯಲ್ಲಿ ಬೆಳೆದವರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದರು. ಹಾಗಾಗಿ ಗುಳೇದಗುಡ್ಡದ ಆಯಿಯ ಕೈಯ ಚೀಟಿಗೂ ಹೆರ್ನ್‌ಹುಟ್‌ನ ಒಬ್ಬ ಹೆಣ್ಣುಮಗಳ ಬೆಳಗಿನ ವಚನಕ್ಕೂ ನಂಟಿದೆ ಎಂದು ನಾನು ತಿಳಿದಿದ್ದೇನೆ. ಆ ಮೊರೇವಿಯನ್ ಸಭೆಯವರು ಒಂದು ಕಾಲಕ್ಕೆ ಮದುವೆಯನ್ನೂ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಬರಬರುತ್ತ ಅದನ್ನು ಕೈಬಿಟ್ಟರು, ವಚನವನ್ನು ಉಳಿಸಿಕೊಂಡರು. ಇದು ಬಹಳ ದೊಡ್ಡ ವಿವೇಕ. ವಚನ ದಿನವಿಡೀ ಮೆಲುಕು ಹಾಕುವುದಕ್ಕೆ. ಗಂಡು–ಹೆಣ್ಣಿನ ಬಾಳನ್ನು ತೀರ್ಮಾನಿಸುವುದಕ್ಕೆ ಅದು ಸಾಲದು.

ಈ ವಿವೇಕ ನನಗೆ 22ನೆಯ ವಯಸ್ಸಿನಲ್ಲಿ ಇರಲಿಲ್ಲ. ಒಂದೇ ವಾರದಲ್ಲಿ ಎರಡು ಕೆಲಸದ ಕಾಗದ ಬಂದವು. ಒಂದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಿಂದ, ಇನ್ನೊಂದು ದೂರದ ಪಟ್ಟಣದಿಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂದೀಲು ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಬೆರಳು ಯೆರೆಮೀಯನ ಪುಸ್ತಕದಲ್ಲಿ, ಎದ್ದು ಹೊರಡುವ ಮಾತಿನ ಮೇಲೆ ಬಿತ್ತು. ಎದ್ದು ಹೊರಟೆ, ಪಟ್ಟಣಕ್ಕೆ. ಆ ಶಾಲೆ 11 ತಿಂಗಳಿಗೆ ಮುಚ್ಚಿತು. ಐದು ತಿಂಗಳ ಪಗಾರ ಬರಲೇ ಇಲ್ಲ. ಟ್ರಂಕು ಹೊತ್ತು ಮನೆಗೆ ಬಂದು, ದೇವರು ನನಗೆ ಮೋಸ ಮಾಡಿದ ಎಂದು ಅತ್ತೆ. ನಮ್ಮವ್ವ ಖಣದ ನೂಲು ಸುತ್ತುತ್ತ ಕೂತಿದ್ದಳು. ರಾಟಿ ನಿಲ್ಲಿಸಲಿಲ್ಲ.

"ದೇವರನ್ನ ಕೇಳಿದಿ, ಖರೆ. ನಮ್ಮನ್ನ ಯಾಕ ಕೇಳ್ಲಿಲ್ಲ?"

ಅಷ್ಟೇ ಅಂದಳು. ನಮ್ಮ ಕಾಕಾ ಅದೇ ಪಟ್ಟಣಕ್ಕೆ ವಾರಕ್ಕೊಮ್ಮೆ ಖಣ ಮಾರಲು ಹೋಗುತ್ತಿದ್ದ. ಆ ಶಾಲೆ ಸಾಲದಲ್ಲಿದ್ದದ್ದು ಅವನಿಗೆ ಗೊತ್ತಿತ್ತು. ನಾನು ಕೇಳಿದ್ದರೆ ಹೇಳುತ್ತಿದ್ದ.

ಮುಂದೆ ಅಪೊಸ್ತಲರ ಕೃತ್ಯಗಳನ್ನು ಓದುವಾಗೆಲ್ಲ ಅವ್ವನ ಮಾತು ನೆನಪಾಗುತ್ತದೆ. ಮೊದಲ ಅಧ್ಯಾಯದಲ್ಲಿ ಶಿಷ್ಯರು ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಪವಿತ್ರಾತ್ಮ ಬರುತ್ತಾನೆ. ಅಲ್ಲಿಂದ ಮುಂದೆ ಅವರು ಮತ್ತೆ ಚೀಟಿ ಹಾಕಿದ್ದು ಆ ಪುಸ್ತಕದಲ್ಲಿ ಕಾಣುವುದಿಲ್ಲ. 15ನೆಯ ಅಧ್ಯಾಯದಲ್ಲಿ ಬಹು ಕಠಿಣವಾದ ಪ್ರಶ್ನೆ ಎದುರಾದಾಗ ಎಲ್ಲರೂ ಯೆರೂಸಲೇಮಿನಲ್ಲಿ ಕೂತು, ವಾದ ಮಾಡಿ, ಒಬ್ಬರ ಮಾತನ್ನು ಒಬ್ಬರು ಕೇಳಿ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನದ ಪತ್ರದಲ್ಲಿ ಪವಿತ್ರಾತ್ಮನ ಹೆಸರಿನ ಪಕ್ಕದಲ್ಲೇ ತಮ್ಮನ್ನೂ ಸೇರಿಸಿ ಬರೆಯುತ್ತಾರೆ. ಎಂಥ ಧೈರ್ಯ! ದೇವರು ನಡೆಸುವುದು ಕೂತು ಮಾತಾಡುವ ಜನರ ನಡುವೆ ಎಂದು ನಂಬಿದವರು ಮಾತ್ರ ಹಾಗೆ ಬರೆಯಬಲ್ಲರು.

ನಮ್ಮ ನಾಡಿನ ಸಭೆಯ ಚರಿತ್ರೆಯ ಮೊದಲ ಪುಟಗಳಲ್ಲೇ ಈ ವಿಷಯದ ಒಂದು ದೊಡ್ಡ ಪಾಠವಿದೆ. ಮಿಶನರಿಗಳು ಹುಬ್ಬಳ್ಳಿ ಕಡೆಗೆ ಬಂದಾಗ ಅವರನ್ನು ಹುಡುಕಿಕೊಂಡು ಬಂದವರಲ್ಲಿ ಕಾಲಜ್ಞಾನವನ್ನು ನಂಬಿದ ಒಂದು ಪಂಥದವರಿದ್ದರು. ಮುಂದೆ ಆಗುವುದನ್ನು ಹೇಳುವ ಓಲೆಗಳು ಅವರಲ್ಲಿದ್ದವು. ಅವುಗಳಲ್ಲಿ ಬರುತ್ತಾರೆಂದು ಹೇಳಿದವರು ಈ ಬಿಳಿಯರೇ ಇರಬಹುದೆಂದು ಅವರು ತಿಳಿದರು. ಮಿಶನರಿಗಳಿಗೂ ಇದು ದೇವರೇ ತೆರೆದ ಬಾಗಿಲೆಂದು ಕಂಡಿತು. ಹರ್ಮನ್ ಮೋಗ್ಲಿಂಗ್ ದೊಡ್ಡ ಕನಸು ಕಂಡರು. ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು, ಆ ಪಂಥದವರು ಬಂದು ನೆಲೆಸಲೆಂದು 1841ರ ಸುಮಾರಿಗೆ ಒಂದು ಬೇಸಾಯದ ಊರು ಕಟ್ಟಲು ಹೊರಟರು. ಬರುತ್ತೇವೆಂದವರು ಬರಲಿಲ್ಲ. ಬಂದ ಕೆಲವರೂ ನಿಲ್ಲಲಿಲ್ಲ. ಎರಡೂ ಕಡೆಯವರು ಭವಿಷ್ಯದ ಗುರುತು ಹುಡುಕುತ್ತಿದ್ದರು. ಎದುರಿಗಿದ್ದ ಮನುಷ್ಯನನ್ನು ನೋಡಲಿಲ್ಲ. ಇದನ್ನು ಬರೆಯುವಾಗ ಮೋಗ್ಲಿಂಗರ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ಇದೇ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಕಂಡ ಕನಸು ಮುರಿಯಿತು, ಕಾಣದೆ ಇದ್ದ ಕೆಲಸ ಉಳಿಯಿತು. ಮಿಶನರಿ ಕಿಟೆಲ್‌ರ ಕಥೆಯೂ ಇದಕ್ಕೆ ಹತ್ತಿರದ್ದೇ: 1853ರಲ್ಲಿ ಸುವಾರ್ತೆ ಸಾರಲೆಂದು ಬಂದವರು, ನಮಗೆ 1894ರ ನಿಘಂಟು ಬಿಟ್ಟು ಹೋದರು.

ಗುಳೇದಗುಡ್ಡದಲ್ಲಿ ಇಂಥ ಕನಸೇನೂ ಇರಲಿಲ್ಲ. ಅಲ್ಲಿದ್ದದ್ದು ಮಗ್ಗ. ಮನೆ ಮನೆಯಲ್ಲಿ ಕುಣಿ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಮನುಷ್ಯ.

ಮಗ್ಗದ ಮಾತು ಬಂದಾಗ ಪ್ರಸಂಗಿಗಳು ಸಾಮಾನ್ಯವಾಗಿ ಹೇಳುವ ದೃಷ್ಟಾಂತವೊಂದಿದೆ. ನಾವು ನೋಡುವುದು ಬಟ್ಟೆಯ ಅಡಿಮೈ, ಅಲ್ಲಿ ನೂಲಿನ ಸಿಕ್ಕು. ದೇವರು ನೋಡುವುದು ಮೇಲ್ಮೈ, ಅಲ್ಲಿ ಚಿತ್ತಾರ. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಅದರಲ್ಲಿ ಮನುಷ್ಯನಿಗೆ ಕೆಲಸವೇ ಇಲ್ಲ, ಅವನು ಬರಿಯ ನೂಲು. ಬೇರೆ ದೃಷ್ಟಾಂತವನ್ನು ನಾನು ಇಳಕಲ್ಲಿನಲ್ಲಿ ಒಬ್ಬ ನೇಕಾರ ಗೆಳತಿಯ ಮನೆಯ ಪಡಸಾಲೆಯಲ್ಲಿ ಕಣ್ಣಾರೆ ಕಂಡೆ.

ಇಳಕಲ್ಲ ಸೀರೆಯ ಹೆಸರು ಅದರ ಕೊಂಡಿಯಲ್ಲಿದೆ. ಮಗ್ಗದ ಮೇಲೆ ಉದ್ದಕ್ಕೆ ಹಿಡಿದ ಎಳೆಗಳೇ ಹಾಸು. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಒಂದು ಬಣ್ಣ, ಸೆರಗಿಗೆ ಕೆಂಪು ರೇಷ್ಮೆ, ಅದರಲ್ಲಿ ಮುಂದೆ ತೋಪು ತೆನೆಯ ಚಿತ್ತಾರ ಮೂಡಬೇಕು. ಈ ಎರಡು ಹಾಸುಗಳ ಎಳೆ ಎಳೆಯನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಬೇಕು. ನೇಯ್ಗೆ ಶುರುವಾಗುವ ಮುಂಚೆಯೇ ಈ ಕೆಲಸ ಆಗಬೇಕು. ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದ್ದೇ ಕೈ. ಗೆಳತಿಯ ಅತ್ತೆ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆ ಕೆಂಪು ಎಳೆ, ಬಲಗೈಯಲ್ಲಿ ಮೈಯ ಎಳೆ. ಒಂದರೊಳಗೊಂದು ತೂರಿಸಿ, ಎಳೆದು, ಬಿಗಿ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದರು. ಕಣ್ಣು ಕೈಯ ಮೇಲಿರಲಿಲ್ಲ, ಬಾಗಿಲಾಚೆ ಮೊಮ್ಮಗನ ಮೇಲಿತ್ತು. ಕೊಂಡಿ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಅಲ್ಲಿ ನನಗೆ ತಿಳಿದ ಒಂದು ಸಂಗತಿ ಇಡೀ ಜೀವನ ನನ್ನ ಜೊತೆ ಬಂದಿದೆ. ಕೊಂಡಿಯ ಸೀರೆಗೆ ಒಮ್ಮೆಗೆ ಒಂದೇ ಸೀರೆಯ ಹಾಸು. ಆರು ಗಜವೋ ಎಂಟೋ ಒಂಬತ್ತೋ, ಅಷ್ಟೇ. ಬೇರೆ ಮಗ್ಗಗಳಲ್ಲಿ ಒಂದರ ಹಿಂದೊಂದು ಹಲವು ಸೀರೆಗಳಿಗಾಗುವಷ್ಟು ಹಾಸನ್ನು ಸುತ್ತಿಟ್ಟುಕೊಳ್ಳಬಹುದು. ಇಲ್ಲಿ ಆಗುವುದಿಲ್ಲ. ಈ ಸೀರೆ ಮುಗಿದು ಮಗ್ಗದಿಂದ ಇಳಿದ ಮೇಲೆ ಮುಂದಿನ ಹಾಸು, ಮತ್ತೆ ಮೊದಲಿನಿಂದ ಕೊಂಡಿ. ನಾನು ಕೇಳಿದೆ, ಇಷ್ಟು ತ್ರಾಸು ಪಡುವ ಬದಲು ಹತ್ತು ಸೀರೆಯದ್ದು ಒಮ್ಮೆಲೇ ಮಾಡಿಕೊಳ್ಳಲು ದಾರಿಯೇ ಇಲ್ಲವೇ ಎಂದು.

"ಹಂಗ ಬರೂದಿಲ್ರಿ ಬಾಯಾರ. ಇದರದ್ದ ಇದಕ್ಕ. ಮುಂದಿಂದು ಮುಂದ."

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕ ಮನ್ನವೂ ಹೀಗೇ ಅಲ್ಲವೇ? ಆಯಾ ದಿನದ್ದು ಆಯಾ ದಿನಕ್ಕೆ. ನಾಳೆಗೆಂದು ಕೂಡಿಟ್ಟದ್ದು ಹುಳುಬಿತ್ತು. ದೇವರ ನಡೆಸುವಿಕೆ ಒಂದು ಸೀರೆಯಷ್ಟು ಹಾಸು ಎಂದು ನಾನು ನಂಬುತ್ತೇನೆ. ಕೊಡುವವನು ಅವನು. ಎಳೆ ಎಳೆ ಕೂಡಿಸುವುದು ನಮ್ಮ ಕೈ. ಮುಂದಿನ ಸೀರೆಯ ಬಣ್ಣ ಯಾವುದೆಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಈ ಕೊಂಡಿ ಇನ್ನೂ ಮುಗಿದಿಲ್ಲ. ಆ ಅತ್ತೆ ನನ್ನ ಧರ್ಮದವರಲ್ಲ. ಕೂಡಲಸಂಗಮಕ್ಕೆ ನಡೆದುಕೊಳ್ಳುವವರು. ಕೆಲಸವನ್ನೇ ಪೂಜೆಯೆಂದು ತಿಳಿದ ಶರಣರ ನೆಲದಲ್ಲಿ, 'ಇದರದ್ದ ಇದಕ್ಕ' ಎಂಬ ಮಾತನ್ನು ಅವರಿಂದಲೇ ನಾನು ಕಲಿತದ್ದಕ್ಕೆ ನನಗೆ ಸಂಕೋಚವಿಲ್ಲ, ಸಂತೋಷವಿದೆ.

ಇನ್ನು ಒಂದು ಎಚ್ಚರಿಕೆಯ ಮಾತು. 'ದೇವರ ಚಿತ್ತ' ಎಂಬ ಮಾತನ್ನು ನಾವು ನಮ್ಮ ಬಗ್ಗೆ ಹೇಳಿಕೊಂಡರೆ ಅದು ಪ್ರಾರ್ಥನೆ. ಇನ್ನೊಬ್ಬರ ಮೇಲೆ ಹೇರಿದರೆ ಅಧಿಕಾರ. ಬಾಸೆಲ್ ಮಿಶನ್ನಿನಲ್ಲಿ ಮಿಶನರಿಯ ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡನನ್ನು ಮದುವೆಯಾಗಲು ಹಡಗು ಹತ್ತಿ ಬಂದರು. ಕೆಲವೇ ದಿನಗಳಲ್ಲಿ ಹೂಂ ಎನ್ನಬೇಕಿತ್ತು. ಹೂಂ ಎಂದರೆ ದೇವರ ಕರೆಗೆ ಓಗೊಟ್ಟಂತೆ. ಒಲ್ಲೆ ಎನ್ನುವುದು ಎಷ್ಟು ಕಷ್ಟವಾಗಿತ್ತೆಂದು ಊಹಿಸಿ. ಅವರಲ್ಲಿ ಹಲವರು ಇಲ್ಲಿ ಶಾಲೆ ನಡೆಸಿದರು, ಮಕ್ಕಳನ್ನು ಮಣ್ಣು ಮಾಡಿದರು, ತಾವೂ ಇಲ್ಲೇ ಮಣ್ಣಾದರು. ಅವರ ನಂಬಿಕೆಗೆ ನಾನು ತಲೆಬಾಗುತ್ತೇನೆ. ಆ ಪದ್ಧತಿಗೆ ಬಾಗಲಾರೆ. ಇವತ್ತಿಗೂ ನಮ್ಮ ಮನೆಗಳಲ್ಲಿ ಓದು ಬಿಡಿಸಿ ಮಗಳ ಮದುವೆ ಮಾಡುವಾಗ, ಗಂಡನ ಹೊಡೆತ ತಾಳಿಕೋ ಎನ್ನುವಾಗ 'ದೇವರ ಚಿತ್ತ' ಎಂಬ ಇದೇ ಮಾತು ಬರುತ್ತದೆ. ಸಭೆಯ ಹಿರಿಯರು ದಯಮಾಡಿ ಇದನ್ನು ನಿಲ್ಲಿಸಬೇಕು.

1876ರಿಂದ 78ರವರೆಗಿನ ಬರ ಇದಕ್ಕಿಂತ ಘೋರವಾದ ಉದಾಹರಣೆ. ಆಗ ಈ ಪ್ರದೇಶ ಕಲಾದಗಿ ಜಿಲ್ಲೆ. ಮಳೆ ಹೋಯಿತು, ಜೋಳ ಹೋಯಿತು, ಖಣ ಕೊಳ್ಳುವವರಿಲ್ಲದೆ ಮಗ್ಗ ನಿಂತವು. ದೇವರ ಸಿಟ್ಟು ಎಂದು ಜನ ಅಂದರು. ಮಳೆ ತಡೆದದ್ದು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ 1877ರ ಜನವರಿಯಲ್ಲಿ ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದಾಣೆ ಸಾಕೆಂದು ಕೂಲಿ ಇಳಿಸಿದ್ದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ. ಜನ ಸಾಯುತ್ತಿದ್ದಾಗ ಕಾಳು ಹಡಗು ಹತ್ತಿ ಹೊರಗೆ ಹೋದದ್ದು ವ್ಯಾಪಾರ. ಮನುಷ್ಯನ ಕೈ ಮಾಡಿದ್ದನ್ನು ದೇವರ ಚಿತ್ತವೆಂದು ಕರೆದರೆ ಅದು ದೇವರ ಮೇಲೆ ಹೊರಿಸಿದ ಸುಳ್ಳು ಅಪವಾದ. ಆ ಬರದಲ್ಲಿ ದೇವರ ನಡೆಸುವಿಕೆ ಎಲ್ಲಿತ್ತು ಎಂದು ಕೇಳಿದರೆ, ಗಂಜಿಯ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತವರ ಕೈಯಲ್ಲಿತ್ತು, ಅನಾಥ ಕೂಸನ್ನು ಎತ್ತಿಕೊಂಡವರ ಸೊಂಟದ ಮೇಲಿತ್ತು ಎನ್ನುತ್ತೇನೆ.

ಆಯಿಯ ಪ್ರಶ್ನೆಗೆ ಮರಳುತ್ತೇನೆ. ಆ ರಾತ್ರಿ ನಾನು ಹೇಳಿದ್ದು ಇಷ್ಟೇ: "ಆಯಿ, ಆಪರೇಶನ್ ಮಾತ ಡಾಕ್ಟರನ್ನ ಕೇಳೋಣು. ಮಗನ್ನ, ಸೊಸಿನ್ನ ಕೇಳೋಣು. ಈ ಚೀಟ್ಯಾಗ ಅಂಜಬ್ಯಾಡ ಅಂತ ಐತಿ." ಆಯಿ ಚೀಟಿಯನ್ನು ಮಡಚಿ ಎಲೆ ಅಡಿಕೆಯ ಸಂಚಿಯಲ್ಲಿಟ್ಟುಕೊಂಡರು. ಸಭೆಯ ಪಾಲಕರಾದ ಅಯ್ಯನವರು ಅವರ ಮನೆಗೆ ಹೋಗಿ ಮಾತಾಡಿದರು. ಸೊಸೆ ರಜೆ ಹೊಂದಿಸಿಕೊಂಡಳು, ಪಕ್ಕದ ಮನೆಯ ಹುಡುಗ ಆಟೋ ತಂದ. ಫೆಬ್ರುವರಿಯಲ್ಲಿ ಬಲಗಣ್ಣಿನದ್ದು ಆಯಿತು. ಎಡಗಣ್ಣಿನದ್ದು ಇನ್ನೂ ಆಗಬೇಕು.

ಬಾಗಲಕೋಟೆಯಲ್ಲಿ ನಿಂತು ಈ ವಿಷಯ ಮಾತಾಡುವವರು ನೀರಿನ ಮಾತನ್ನು ಬಿಡುವ ಹಾಗಿಲ್ಲ. 519.60 ಮತ್ತು 524.256 ಎಂಬ ಎರಡು ಅಂಕಿಗಳು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಮೊದಲನೆಯದು ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವ ಮಟ್ಟ, ಮೀಟರ್ ಲೆಕ್ಕದಲ್ಲಿ. ಎರಡನೆಯದು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಮಟ್ಟ. ಈ ಎರಡರ ನಡುವಿನ ಹೊಲ, ಮನೆಗಳಲ್ಲಿ ಇರುವವರು ನಾಳೆಯ ಲೆಕ್ಕ ಹಾಕಲಾರರು. ಬಾವಿ ತೋಡಬೇಕೋ ಬೇಡವೋ, ಲಿಂಬಿ ಗಿಡ ಹಚ್ಚಬೇಕೋ ಬೇಡವೋ? ಯಾಕೋಬನು ತನ್ನ ಪತ್ರದಲ್ಲಿ, ನಾಳೆ ಇಂಥ ಊರಿಗೆ ಹೋಗಿ ಇಷ್ಟು ಗಳಿಸುತ್ತೇನೆ ಎನ್ನುವ ವ್ಯಾಪಾರಿಯನ್ನು ಗದರುತ್ತಾನೆ. ಇವರಿಗೆ ಆ ಗದರಿಕೆ ಬೇಡವೇ ಬೇಡ. ನಾಳೆ ತಮ್ಮದಲ್ಲ ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಇವರಿಗೆ ಬೇಕಾದದ್ದು ನ್ಯಾಯವಾದ ಪರಿಹಾರ, ಹೊತ್ತಿಗೆ ಸರಿಯಾಗಿ. ಅದನ್ನು ಕೇಳಿ ಪಡೆಯುವುದೂ ನಂಬಿಕೆಯ ಕೆಲಸವೇ.

ನಮ್ಮ ಅತ್ತಿಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಮುಳುಗಡೆಯ ಅಳತೆಗೆ ಬಂದವರು ತಲಬಾಗಿಲ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. ಆಮೇಲೆ ವರ್ಷಗಟ್ಟಲೆ ಯಾರೂ ಬರಲಿಲ್ಲ. ಓಣಿಯವರು ಗೋಡೆಗಳ ಕಡೆ ನೋಡುವುದನ್ನು ಬಿಟ್ಟಿದ್ದರು. ಬೀಳುವ ಮನೆಗೆ ಯಾಕೆ ಖರ್ಚು ಎಂಬುದು ಅವರ ಲೆಕ್ಕ, ಅದು ತಪ್ಪು ಲೆಕ್ಕವೂ ಅಲ್ಲ. ಅತ್ತಿ ಮಾತ್ರ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ವಾರ ಮುಂಚೆ ಸುಣ್ಣ ನೆನೆ ಹಾಕುತ್ತಿದ್ದಳು. ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗುವುದಕ್ಕೆ ಮುಂಚಿನ ಕೊನೆಯ ಡಿಸೆಂಬರಿನಲ್ಲಿ ನಾನು ಹೋದಾಗ ಸೀರೆ ಎತ್ತಿ ಕಟ್ಟಿ, ಬಕೀಟು ಹಿಡಿದು ನಿಂತಿದ್ದಳು. ಹೋಗುವ ಮನೆಗೆ ಯಾಕೆ ಸುಣ್ಣ ಅತ್ತಿ ಎಂದೆ.

"ನೀರ ಯಾವಾಗ ಬರ್ತೈತಿ, ದೇವರಿಗೆ ಗೊತ್ತ. ಗ್ವಾಡಿ ಈಗ ನನ್ನ ಕೈಯಾಗ ಐತಿ" ಎಂದು ಕುಂಚ ಅದ್ದಿದಳು.

ಸಂಜೆ ಹೊರಡುವಾಗ ನೋಡಿದೆ. ಗೋಡೆ ಬೆಳ್ಳಗೆ ಒಣಗುತ್ತಿತ್ತು. ಕೆಂಪು ನಂಬರಿನ ಸುತ್ತ ಅಂಚು ಹಿಡಿದು ಸುಣ್ಣ ಬಳಿದಿದ್ದಳು. ಅಂಕಿಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.